ಮಂಚದ ಅಡಿಯ ಹಳಿ

ಇವರೇ,

ನೀವು ಕಣ್ಣು ಮುಚ್ಚಿದ ಮೇಲೆ ಕಟ್ಟಿಟ್ಟಿದ್ದ ನಿಮ್ಮ ಆಟದ ರೈಲನ್ನು ಮಗ ಪುರಂದರ ಇವತ್ತು ಕಪಾಟಿನ ಮೇಲಿಂದ ಇಳಿಸಿದ. ಊದ್ ಮೇಥಾ ಬಡಾವಣೆಯ ಈ ಫ್ಲ್ಯಾಟಿನಲ್ಲಿ ನನ್ನ ಕೋಣೆಯೇ ದೊಡ್ಡದು, ಹಾಗಾಗಿ ಹಳಿ ಹಾಸುವುದೂ ಇಲ್ಲೇ ಅಂತೆ. ನಿಮ್ಮ ಹಾಗೆ ಸೀಮೆಸುಣ್ಣ ಹಿಡಿದು ನೆಲದಲ್ಲಿ ಗೀಚುವವನಲ್ಲ ಅವನು. ಮೊದಲು ಕಂಪ್ಯೂಟರಿನಲ್ಲಿ ನಕ್ಷೆ ಆಗಬೇಕು. ಅದಕ್ಕೆ ಎರಡು ಸಾಫ್ಟ್‌ವೇರ್ ಹಾಕಿಕೊಂಡು, ಯಾವುದು ಒಳ್ಳೆಯದು ಅಂತ ಬೆಳಗಿನಿಂದ ತಲೆ ಕೆರೆಯುತ್ತಿದ್ದ.

"ಅಮ್ಮ, ಇದು ಸುಲಭ ಉಂಟು. ಆದ್ರೆ ಖಾಲಿ ಕೋಣೆ ಮಾತ್ರ ತೋರಿಸ್ತದೆ. ಇನ್ನೊಂದ್ರಲ್ಲಿ ಮಂಚ, ಕಪಾಟು ಎಲ್ಲ ಇಡ್ಲಿಕ್ಕೆ ಆಗ್ತದೆ, ಕಲಿಯಲಿಕ್ಕೆ ಕಷ್ಟ."

"ಖಾಲಿ ಕೋಣೆ ಬೇಕಾದ್ರೆ ನಾನು ಸಾಯುವವರೆಗೆ ಕಾಯಿ ಮಾರಾಯ," ಅಂದೆ. "ಕಷ್ಟದ್ದನ್ನೇ ಕಲಿ."

ಕಲಿತ. ಸಂಜೆಗೆ ಪರದೆಯ ಮೇಲೆ ನಮ್ಮ ಮಂಚ ಬಂತು. ಹಳಿ ಮಾತ್ರ ಗೋಡೆಯ ಪಕ್ಕ ಮುದುರಿಕೊಂಡಿತ್ತು. ಮಂಚದ ಅಡಿಯಿಂದ ಹೋಗಲಿ ಅಂದೆ.

ಪುರಂದರ ತಿರುಗಿ ನನ್ನನ್ನು ನೋಡಿದ. "ಅಪ್ಪ ಇದನ್ನೇ ಕೇಳಿದಾಗ ನೀನು ಬೇಡವೇ ಬೇಡ ಅಂತ..." ಅಂದವನು ಅಲ್ಲಿಗೇ ನಿಲ್ಲಿಸಿದ.

"ಎಂಥ ನೋಡ್ತಿ? ಗೆರೆ ಎಳಿ," ಅಂದೆ.

ಎಳೆದ. ಈಗ ನಕ್ಷೆಯಲ್ಲಿ ರೈಲು ನೀವು ಮಲಗುತ್ತಿದ್ದ ಬದಿಯಿಂದ ಒಳಹೊಕ್ಕು ನನ್ನ ಬದಿಯಲ್ಲಿ ಹೊರಗೆ ಬರುತ್ತದೆ.