ಬಿಲ್ದದನ ಮಾತಿಗೆ ಆಮೆನ್ ಹೇಳಿಸಿದ ಭಾನುವಾರ

ಮಾನ್ಯ ಜಿಲ್ಲಾ ಮೇಲ್ವಿಚಾರಕರೇ,

ಶಹಾಪುರ ಸೀಮೆಯ ನಮ್ಮ ಸಣ್ಣ ಸಭೆಗೆ ನೀವು ಕಳಿಸಿರುವ ಸಭಾಪಾಲಕರು ಸತ್ಯವೇದದಿಂದ ಒಂದೇ ಒಂದು ವಚನ ಕಿತ್ತುಕೊಂಡು, ಅದು ಯಾರು ಯಾರಿಗೆ ಆಡಿದ ಮಾತೆಂದು ಹೇಳದೆ, ಮಗನನ್ನು ಕಳೆದುಕೊಂಡ ನನ್ನ ಅಕ್ಕನ ಎದುರಿಗೆ ಪ್ರಸಂಗ ಮಾಡಿದ್ದಾರೆ. ಅಂದಿನಿಂದ ಅಕ್ಕ ತನ್ನ ಮಗ ಪಾಪಕ್ಕೆ ಸತ್ತನೆಂದು ನಂಬಿ ಕೂತಿದ್ದಾಳೆ. ಈ ದೂರು ಹೊತ್ತುಕೊಂಡು ಯಾದಗಿರಿಯ ನಿಮ್ಮ ಕಚೇರಿಗೆ ಬಂದು ಬೆಂಚು ಕಾದದ್ದಾಯಿತು. ಪ್ರಾರ್ಥನೆಯಲ್ಲಿ ಇಟ್ಟಿದ್ದೇವೆ ಎಂಬ ಉತ್ತರವೂ ಸಿಕ್ಕಿತು. ಪ್ರಾರ್ಥನೆಯಲ್ಲಿ ಇಡುವುದಕ್ಕೂ ಕಪಾಟಿನಲ್ಲಿ ಇಡುವುದಕ್ಕೂ ನಿಮ್ಮಲ್ಲಿ ಏನು ವ್ಯತ್ಯಾಸವೋ ನನಗೆ ತಿಳಿಯಲಿಲ್ಲ. ಆದ್ದರಿಂದ ಎಲ್ಲರೆದುರು ಬರೆಯುತ್ತಿದ್ದೇನೆ.

ಅಕ್ಕ ಲಾಲಮ್ಮನನ್ನು ನೀವು ನೋಡಿದ್ದೀರಿ. ಸುಗ್ಗಿ ಹಬ್ಬದ ಆರಾಧನೆಗೆ ಬಂದಾಗ ನಿಮಗೆ ಬಿಸಿ ರೊಟ್ಟಿ ಬಡಿಸಿದವಳು ಅವಳೇ. ಅವಳ ಒಬ್ಬನೇ ಮಗ ದೇವಿಂದ್ರ ಕಡೇಚೂರಿನ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದ. ಹೋದ ಮಳೆಗಾಲದಲ್ಲಿ ಜ್ವರ ಹಚ್ಚಿಕೊಂಡು ಊರಿಗೆ ಬಂದವನು ಮತ್ತೆ ಏಳಲಿಲ್ಲ. ಆಗಿದ್ದ ಸಭಾಪಾಲಕರಿಗೆ ಸಮಾಧಾನ ಹೇಳುವ ಚಾತುರ್ಯವಿರಲಿಲ್ಲ. ಬಂದು ನೆಲದ ಮೇಲೆ ಕೂತರು, ಕಣ್ಣೊರೆಸಿಕೊಂಡು ಎದ್ದು ಹೋದರು. ಮುಂದಿನ ಭಾನುವಾರ, ತಪ್ಪಿಲ್ಲದೆಯೂ ಮಕ್ಕಳನ್ನೆಲ್ಲ ಒಂದೇ ದಿನ ಕಳೆದುಕೊಂಡ ಯೋಬನ ಪುಸ್ತಕವನ್ನು ಮೊದಲಿನಿಂದ ತೆರೆದರು.

ಅವರು ರಂಜಿಸುವ ಪ್ರಸಂಗಿಯಲ್ಲ, ಒಪ್ಪುತ್ತೇನೆ. ಗಂಟಲು ಒಡಕು, ನಗೆಚಾಟಿಕೆ ಗೊತ್ತಿಲ್ಲ, ಹಿಂದಿನ ಸಾಲಿನಲ್ಲಿ ನಮ್ಮ ಮಾವಂದಿರು ತೂಕಡಿಸುತ್ತಿದ್ದುದೂ ನಿಜ. ಆದರೆ ಅವರದೊಂದು ಪದ್ಧತಿಯಿತ್ತು. ವಾರಕ್ಕೊಂದು ಅಧ್ಯಾಯ, ಸಾಲಾಗಿ. ಅವರು ಒಂದು ವಚನ ಓದಬೇಕು, ಓದು ಬಾರದ ನಮ್ಮ ಜನ ಅದನ್ನು ಹಿಂದೆ ಹೇಳಬೇಕು, ಆಮೇಲೆ ಅದರ ಅರ್ಥ. ಯೋಬನು ತಾನು ಹುಟ್ಟಿದ ದಿನವನ್ನೇ ಶಪಿಸುವ ಅಧ್ಯಾಯ ಬಂದಾಗ ಅಕ್ಕ ನನ್ನ ಕೈ ಹಿಡಿದು, ಇದು ತನ್ನದೇ ಮಾತು ಎಂದಳು. ದೇವರ ಎದುರಿಗೆ ಹೀಗೂ ಮಾತಾಡಬಹುದೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಆಮೇಲೆ ಯೋಬನ ಗೆಳೆಯರು ಬಾಯಿ ತೆರೆದು, ತಪ್ಪು ಮಾಡದವನಿಗೆ ಹೀಗಾದೀತೇ ಎಂದು ಅವನನ್ನೇ ಚುಚ್ಚತೊಡಗಿದರು. ಅಲ್ಲಿ ಸಭಾಪಾಲಕರು ಪುಸ್ತಕದ ಮೇಲೆ ಬೆರಳಿಟ್ಟು ನಿಂತರು.

"ಇದು ಗೆಳ್ಯಾ ಆಡೋ ಮಾತು. ಕೇಳ್ರಿ, ಆದ್ರ ನಂಬಬ್ಯಾಡ್ರಿ. ದೇವರು ಇನ್ನಾ ಮಾತಾಡಿಲ್ಲ" ಎಂದರು.

ಮನೆಗೆ ಬರುತ್ತ ಅಕ್ಕ ಕೇಳಿದ್ದು ಒಂದೇ ಪ್ರಶ್ನೆ. ದೇವರು ಯಾವಾಗ ಮಾತಾಡುತ್ತಾನೆ? ಕಾಯಬೇಕು, ಪುಸ್ತಕದ ಕೊನೆಗೆ ಎಂದೆ. ಅವಳು ಕಾಯಲು ತಯಾರಾದಳು. ವಾರವಾರವೂ ಮುಂದಿನ ಸಾಲಿಗೆ ಬಂದು ಕೂರತೊಡಗಿದಳು. ನೀವು ತಯಾರಿರಲಿಲ್ಲ. ಏಳನೇ ಅಧ್ಯಾಯ ಮುಗಿದ ವಾರವೇ ನಿಮ್ಮ ವರ್ಗಾವಣೆ ಆದೇಶ ಬಂತು. ಸಭೆ ಬೆಳೆಯುತ್ತಿಲ್ಲ, ಯುವಕರಿಗೆ ಹಿಡಿಸುವ ಸೇವಕರು ಬೇಕು ಎಂದಿರಂತೆ. ಅವರನ್ನು ಸುರಪುರದ ಆಚೆ ಎಲ್ಲಿಗೋ ಕಳಿಸಿದಿರಿ.

ಹೊಸಬರು ಬಂದರು, ಸಭೆಯೂ ತುಂಬಿತು. ಕೀಬೋರ್ಡು ಬಂತು, ಕಿವಿಗೆ ಸಿಕ್ಕಿಸುವ ಮೈಕು ಬಂತು. ಒಂದು ವಚನ ಓದಿ ಸತ್ಯವೇದವನ್ನು ಮುಚ್ಚಿದರೆ ಮುಂದಿನದೆಲ್ಲ ಅವರದೇ ಕಥೆ: ಅವರು ಕಂಡ ಕನಸು, ಅವರ ಪ್ರಾರ್ಥನೆಗೆ ವಾಸಿಯಾದ ರೋಗ. ನಾನು ಶಾಲಾ ಶಿಕ್ಷಕಿ. ಪಾಠಪುಸ್ತಕ ಮುಚ್ಚಿಟ್ಟು ಮಕ್ಕಳಿಗೆ ನನ್ನ ಗುಣಗಾನ ಮಾಡುತ್ತ ನಿಂತರೆ ಮರುದಿನವೇ ನನಗೆ ನೋಟಿಸು ಬರುತ್ತದೆ. ದೇವರ ಪುಸ್ತಕಕ್ಕೆ ಅಷ್ಟು ಕಾವಲೂ ಬೇಡವೇ?

ಆ ಭಾನುವಾರದ ವಿಷಯ, ಮನೆಯೊಳಗಿನ ಶಾಪ. ದುಃಖ ಸುಮ್ಮನೆ ಬರುವುದಿಲ್ಲ, ಬಚ್ಚಿಟ್ಟ ಪಾಪ ಇರಲೇಬೇಕು ಎಂದರು. ಸಾಕ್ಷಿಗೆ ಯೋಬನ ಎಂಟನೇ ಅಧ್ಯಾಯದಿಂದ ಒಂದು ವಚನ ಎತ್ತಿಕೊಂಡು, ಇದು ದೇವರ ಮಾತು, ಎಲ್ಲರೂ ಹೇಳಿ ಎಂದರು. ನಿನ್ನ ಮಕ್ಕಳು ಪಾಪ ಮಾಡಿದರು, ದೇವರು ಅವರನ್ನು ಅದರ ಫಲಕ್ಕೆ ಒಪ್ಪಿಸಿಬಿಟ್ಟ ಎಂಬ ಅರ್ಥದ ವಚನವದು. ಹಿಂದೆ ಹೇಳುವುದು ನಮ್ಮ ಜನರ ರೂಢಿಯಲ್ಲವೇ? ಎಲ್ಲರೂ ಹೇಳಿದರು. ಅಕ್ಕನೂ ಹೇಳಿದಳು. ಮಗ ತನ್ನ ಪಾಪಕ್ಕೆ ಸತ್ತನೆಂದು ಹೆತ್ತವಳು ತನ್ನ ಬಾಯಿಂದಲೇ ಹೇಳಿ, ಕೊನೆಗೆ ಆಮೆನ್ ಅಂದಳು.

ಮಾನ್ಯರೇ, ಆ ಮಾತು ದೇವರದಲ್ಲ. ಅದು ಬಿಲ್ದದನೆಂಬ ಗೆಳೆಯನ ಮಾತು. ಅದೇ ಪುಸ್ತಕದ ಕೊನೆಯ ಅಧ್ಯಾಯದಲ್ಲಿ ದೇವರೇ ಈ ಗೆಳೆಯರ ಮೇಲೆ ಸಿಟ್ಟಾಗಿ, ನೀವು ನನ್ನ ವಿಷಯದಲ್ಲಿ ಸರಿಯಾದದ್ದನ್ನು ಆಡಲಿಲ್ಲ, ಯೋಬನು ಆಡಿದ ಎನ್ನುತ್ತಾನೆ. ಸಾಲಾಗಿ ಓದಿಕೊಂಡು ಹೋಗಿದ್ದರೆ ಈ ಅನಾಹುತವೇ ಆಗುತ್ತಿರಲಿಲ್ಲ. ಗ್ರಂಥವನ್ನು ಇದ್ದ ಹಾಗೆ ಓದಿ ಪ್ರಸಂಗ ಮಾಡಿ ಎನ್ನುವುದು ಹಳೆಯ ಕಾಲದ ಹಟವಲ್ಲ. ಪ್ರಸಂಗಿ ದಾರಿ ತಪ್ಪಿದಾಗ ಅವನ ಕೈ ಹಿಡಿದು ನಿಲ್ಲಿಸಲು ನಮ್ಮಂಥವರಿಗೆ ಇನ್ನೇನಿದೆ?

ಇದನ್ನೇ ಸಭಾಪಾಲಕರ ಮನೆಗೆ ಹೋಗಿ ಹೇಳಿದೆ. ಅವರು ನಕ್ಕರು.

"ಟೀಚರಮ್ಮ, ಅದೂ ಬೈಬಲ್ಲಿನಾಗಿನ ಮಾತೇ ಅಲ್ಲೇನ್ರಿ? ನಾ ಏನು ಹೊರಗಿನಿಂದ ತಂದೀನೇನು?"

ಹೌದು, ಸೈತಾನನ ಮಾತೂ ಬೈಬಲ್ಲಿನಲ್ಲೇ ಇದೆ. ಮುಂದಿನ ವಾರ ಅದಕ್ಕೂ ಆಮೆನ್ ಹೇಳಿಸೋಣವೇ?

ಅಕ್ಕನಿಗೆ ಮನೆಯಲ್ಲೇ ಆ ಕೊನೆಯ ಅಧ್ಯಾಯ ಓದಿ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡಳು, ನಂಬಲಿಲ್ಲ.

"ನೀ ನನ್ನ ತಂಗಿ, ನನ್ನ ಸಮಾಧಾನಕ್ಕ ಏನರ ಓದ್ತಿ" ಎಂದಳು. "ಅವ್ರು ಗುಡ್ಯಾಗ ಎಲ್ಲಾರ ಮುಂದ ಹೇಳ್ಯಾರ. ನನ್ನ ಬಾಯಿಲೇ ಹೇಳಿಸ್ಯಾರ."

ಅಕ್ಕ ಅಕ್ಷರ ಕಲಿತವಳಲ್ಲ. ಅವಳಿಗೆ ಇರುವ ಗ್ರಂಥವೆಂದರೆ ಪ್ರಸಂಗಪೀಠದಿಂದ ಕಿವಿಗೆ ಬಿದ್ದದ್ದು ಮಾತ್ರ. ಮಗನ ಫೋಟೋವನ್ನು ಗೋಡೆಯಿಂದ ಇಳಿಸಿ ಪೆಟ್ಟಿಗೆಯಲ್ಲಿ ಇಟ್ಟಿದ್ದಾಳೆ. ಅವನ ಹೆಸರು ಎತ್ತಲು ನಾಚುತ್ತಾಳೆ. ಇದಕ್ಕಿಂತ ಕೆಟ್ಟದ್ದನ್ನು ಬಿಲ್ದದನೂ ಯೋಬನಿಗೆ ಮಾಡಿರಲಿಲ್ಲ.

ನಿಮ್ಮ ಸಭಾಪಾಲಕರನ್ನು ವರ್ಗ ಮಾಡಿ ಎಂದು ನಾನು ಕೇಳುವುದಿಲ್ಲ. ಹಾಗೆ ಮಾಡಿದರೆ ಅವರನ್ನು ಇನ್ನೊಂದು ಊರಿನ ಲಾಲಮ್ಮನ ಎದುರಿಗೆ ನಿಲ್ಲಿಸಿದಂತಾಗುತ್ತದೆ. ನನ್ನ ಬೇಡಿಕೆ ಒಂದೇ. ನೀವು ಖುದ್ದಾಗಿ ಒಂದು ಭಾನುವಾರ ಬನ್ನಿ. ಅದೇ ಪೀಠದಲ್ಲಿ, ಅದೇ ಸಭಾಪಾಲಕರ ಬಾಯಿಂದ, ಯೋಬನ ಪುಸ್ತಕವನ್ನು ಓದು ನಿಂತಲ್ಲಿಂದ ಕೊನೆಯವರೆಗೂ ಓದಿಸಿ. ಮಾತಾಡುತ್ತಿರುವವನು ಯಾರೆಂದು ಪ್ರತಿ ಸಲವೂ ಹೇಳಿಸಿ. ಇಡೀ ದಿನ ಹಿಡಿದರೂ ಹಿಡಿಯಲಿ, ರೊಟ್ಟಿ ಕಟ್ಟಿಕೊಂಡು ಬರುತ್ತೇವೆ. ಕೊನೆಯ ಅಧ್ಯಾಯವನ್ನು ವಚನ ವಚನವಾಗಿ ಜನರಿಂದ ಹಿಂದೆ ಹೇಳಿಸಿ. ಆ ಮಾತು ಅಕ್ಕನ ಬಾಯಿಗೆ ಬರಬೇಕು. ಅವ್ರೇ ಓದಿದ್ರ ಬರ್ತೀನಿ ಅಂದಿದ್ದಾಳೆ. ಅವಳನ್ನು ಮುಂದಿನ ಸಾಲಿಗೆ ಕರೆತಂದು ಕೂರಿಸುವ ಜವಾಬ್ದಾರಿ ನನ್ನದು. ನಮ್ಮ ಸಭೆಯಲ್ಲಿ ಎಲ್ಲರೂ ಮಾತಾಡಿ ಆಯಿತು. ದೇವರು ಇನ್ನೂ ಮಾತಾಡಿಲ್ಲ.

ಇಂತಿ,
ಏಳನೇ ಅಧ್ಯಾಯದಲ್ಲೇ ನಿಂತಿರುವ ಸಭೆಯವಳು,
ಲಾಲಮ್ಮನ ತಂಗಿ, ದೇವಿಂದ್ರನ ಚಿಗವ್ವ
ಪರಿಮಳಾ