ಸಮ್ಮತವೇ ಎಂದು ಕೇಳಿದ ಭಾನುವಾರ

ಹೋಮ್ಸ್ ಕೌಂಟಿ, ಓಹಿಯೋ
ಸೋಮವಾರ, ಅಕ್ಟೋಬರ್ ೬, ೨೦೦೩

ಮುದ್ದಿನ ಮೊಮ್ಮಗಳು ಓರ್ಫಾಗೆ,

ಹೇಗಿದ್ದೀಯೆ? ಕೆಮ್ಮು ಕಡಿಮೆಯಾಯಿತೇ? ಬೇಕರಿಯ ಹಿಟ್ಟಿನ ಧೂಳು ಎದೆಗಿಳಿದರೆ ಸುಲಭಕ್ಕೆ ಹೋಗುವುದಿಲ್ಲ. ಈರುಳ್ಳಿ ಹುರಿದು ಬಟ್ಟೆಯಲ್ಲಿ ಕಟ್ಟಿ ಎದೆಯ ಮೇಲಿಟ್ಟುಕೊಂಡು ಮಲಗು. ಪಕ್ಕದ ಕೋಣೆಯವರು ಮೂಗು ಮುಚ್ಚಿಕೊಂಡರೆ ಮುಚ್ಚಿಕೊಳ್ಳಲಿ, ಮೂಗು ಅವರದು. ನನ್ನ ಮಂಡಿ ಎಂದಿನಂತೆ ಮೊಂಡು ಹಿಡಿದಿದೆ. ನಿನ್ನ ಅಮ್ಮ ಎಡ್ನಾ ಚಳಿಗಾಲಕ್ಕೆ ಸೇಬು ಬೇಯಿಸುತ್ತಾ ಒಂದು ಹಂಡೆ ಪೂರ್ತಿ ತಳ ಹಿಡಿಸಿದಳು. ಕಣ್ಣು ಒಲೆಯ ಮೇಲಿದ್ದರೆ ತಾನೆ, ಇಡೀ ದಿನ ನೀನು ಮನೆ ಬಿಟ್ಟು ಹೋದ ರಸ್ತೆಯ ಮೇಲೆ. ನಾಲ್ಕನೇ ತರಗತಿಗೆ ಶಾಲೆ ಬಿಟ್ಟವಳ ಬರವಣಿಗೆ ಇದು. ತಪ್ಪಿದ್ದಲ್ಲಿ ತಿದ್ದಿಕೊಂಡು ಓದು, ನಗಬೇಡ.

ನಿನ್ನೆ ಭಾನುವಾರದ ಆರಾಧನೆಗೆ ನಮ್ಮ ಸಭೆ, ಬಿಷಪ್‌ನ ಕೈಕೆಳಗಿನ ಡೀಕನ್ ರೂಬೆನ್‌ನ ಮನೆಯಲ್ಲಿ ಕೂಡಿತ್ತು. ಎರಡನೇ ಉಪದೇಶ ಮುಗಿಯುವ ಹೊತ್ತಿಗೆ ನನ್ನ ಕಾಲು ಜೋಮು ಹಿಡಿದಿತ್ತು. ಕೊನೆಯ ಹಾಡು ಮುಗಿದು ರೊಟ್ಟಿ, ಉಪ್ಪಿನಕಾಯಿ, ಕಾಫಿಗೆ ಏಳಬೇಕು ಅನ್ನುವಷ್ಟರಲ್ಲಿ ಬಿಷಪ್ ಯೋಸ್ಟ್, "ದೀಕ್ಷಾಸ್ನಾನ ಆದೋರು ಮಾತ್ರ ಕೂತ್ಕೊಳ್ಳಿ" ಅಂದ. ಮಕ್ಕಳನ್ನು ಹೊರಗೆ ಕಳಿಸಿ ಬಾಗಿಲು ಹಾಕಿದರು. ನನಗೆ ಆಗಲೇ ಗೊತ್ತಾಯಿತು, ಇದು ನಿನ್ನ ವಿಷಯವೇ. ಕೂತವರೆಲ್ಲ ಸಮ್ಮತ ಅಂದರೆ ನಿನಗೆ ಬಹಿಷ್ಕಾರ. ಆಮೇಲೆ ನೀನು ಈ ಮನೆಗೆ ಬಂದರೂ ನಮ್ಮ ಜೊತೆ ಒಂದೇ ಮೇಜಿಗೆ ಕೂರುವ ಹಾಗಿಲ್ಲ, ನಿನ್ನ ಕೈಯಿಂದ ಒಂದು ಬಟ್ಟಲು ಸಾರನ್ನೂ ನಾವು ತೆಗೆದುಕೊಳ್ಳುವ ಹಾಗಿಲ್ಲ. ಹೆತ್ತ ತಾಯಿಯೇ ನಿನಗೆ ಮೂಲೆಯಲ್ಲಿ ಬೇರೆ ತಟ್ಟೆ ಹಾಕಬೇಕು. ಒಬ್ಬರು ಬೇಡ ಅಂದರೂ ಬಹಿಷ್ಕಾರ ಬೀಳುವುದಿಲ್ಲ. ಆದರೆ ಮನಸ್ಸು ಒಡೆದ ಸಭೆ ಒಂದೇ ರೊಟ್ಟಿಯನ್ನು ಮುರಿಯುವುದು ಹೇಗೆ? ಇನ್ನೆರಡು ವಾರಕ್ಕೆ ಗೊತ್ತುಮಾಡಿದ್ದ, ಕ್ರಿಸ್ತನ ನೆನಪಿಗೆ ಆ ರೊಟ್ಟಿ ಹಂಚಿಕೊಳ್ಳುವ ಕರ್ತನ ಭೋಜನ ಎಲ್ಲರಿಗೂ ನಿಲ್ಲುತ್ತದೆ. ನೂರ ಹದಿನಾಲ್ಕು ಜನಕ್ಕೆ.

ಬಿಷಪ್ ನಿನ್ನ ತಪ್ಪು ಓದಿದ. ಮಾರ್ಚ್ ತಿಂಗಳಲ್ಲಿ ಫ್ಯಾನಿಯ ಮನೆಯಲ್ಲಿ ನಾವೆಲ್ಲ ಕೌದಿ ಹೊಲಿಯುತ್ತಿದ್ದಾಗ ನೀನು ಆಡಿದ ಮಾತು. ಅವನು ಓದುವುದೇನು, ನಾನು ಅಲ್ಲೇ ಇದ್ದೆನಲ್ಲ. "ನನ್ನ ಪಾಪ ಕ್ಷಮಿಸಿ ಆಗಿದೆ, ಅದು ನನಗೆ ಇವತ್ತೇ ಗೊತ್ತು. ಕ್ರಿಸ್ತನನ್ನ ನಂಬಿದ ದಿನವೇ ದೇವರು ನನ್ನ ದತ್ತು ತಗೊಂಡ. ಪವಿತ್ರಾತ್ಮನ ಮುದ್ರೆ ಬಿದ್ದಿದೆ, ಪರಲೋಕದ ಆಸ್ತಿಗೆ ನಾನು ಹಕ್ಕುದಾರಳು. ಸತ್ತ ಮೇಲೆ ನೋಡೋಣ ಅನ್ನೋ ಮಾತೇ ಇಲ್ಲ." ಆಗ ಫ್ಯಾನಿ, "ಅಬ್ಬಬ್ಬಾ, ಸ್ವರ್ಗದಲ್ಲಿ ಕುರ್ಚಿ ಹಾಕಿಸಿಕೊಂಡೇ ಬಂದಿದಾಳೆ ನೋಡ್ರೇ!" ಅಂದಳು. ಎಲ್ಲರೂ ನಕ್ಕೆವು. ನಾನೂ ನಕ್ಕೆ. ನೀನು ಸುಮ್ಮನಿದ್ದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಸೂಜಿಯನ್ನು ಅವಳ ಮೂಗಿಗೇ ಗುರಿಯಿಟ್ಟು, "ನಿಮಗೂ ಹಾಕಿದೆ ಫ್ಯಾನಿ ಅತ್ತೆ, ಕೂರೋಕೆ ನಿಮಗೇ ಧೈರ್ಯ ಇಲ್ಲ" ಅಂದೆಯಲ್ಲ! ಡೀಕನ್‌ನ ಹೆಂಡತಿಗೆ, ಅವಳದೇ ಮನೆಯಲ್ಲಿ, ಅವಳು ಮಾಡಿದ ಕಡುಬು ತಿನ್ನುತ್ತಾ. ನಾಲಿಗೆ ನನ್ನ ಕಡೆಯಿಂದ ಬಂದದ್ದು, ಅದಕ್ಕೆ ನಿನ್ನ ಅಪ್ಪನ ಮನೆಯವರನ್ನು ದೂರಿ ಫಲವಿಲ್ಲ. ಆ ಸೂಜಿ ಅಹಂಕಾರವೇ. ಅದಕ್ಕೆ ಫ್ಯಾನಿಗೆ ಇವತ್ತೇ ಒಂದು ಕಾಗದ ಬರೆದು ಕ್ಷಮೆ ಕೇಳು. ಆದರೆ ನೀನು ಹೇಳಿದ ಮಾತು? ಅದೂ ಅಹಂಕಾರವೇ? ಸೂಜಿಯನ್ನೂ ಮಾತನ್ನೂ ಬೇರೆ ಮಾಡಲು ನನಗೆ ಏಳು ತಿಂಗಳು ಹಿಡಿಯಿತು.

ಪರಲೋಕ ಸಿಗುವ ನಿರೀಕ್ಷೆ ಇದೆ ಅನ್ನಬೇಕು, ಗೊತ್ತು ಅನ್ನಬಾರದು. ನಮಗೆ ಕಲಿಸಿದ್ದು ಅದು, ನಾನು ನಿಮಗೆಲ್ಲ ಕಲಿಸಿದ್ದೂ ಅದೇ. ನಿನ್ನ ಅಜ್ಜ ಜೋನಸ್ ಸಾಯುವಾಗ ನಿನಗೆ ಹನ್ನೆರಡು ವರ್ಷ. ಕೋಣೆಯ ಒಳಗಿನ ಸಂಗತಿ ನಿನಗೆ ಗೊತ್ತಿಲ್ಲ. ಒಂದು ಕುದುರೆಗೂ ಗದರಿಸದ ಮನುಷ್ಯ ಕೊನೆಯ ನಾಲ್ಕು ದಿನ ನನ್ನ ಕೈ ಬಿಡಲಿಲ್ಲ. "ಮಲಿಂಡಾ, ನಾನು ಮಾಡಿದ್ದು ಸಾಕಾಯ್ತೇನೇ? ದೇವರು ಒಳಗೆ ಬಿಟ್ಕೋತಾನೇನೇ?" ಅದೊಂದೇ ಮಾತು. ಊರಿಗೆಲ್ಲ ತಿರುಗಿ ಉತ್ತರ ಕೊಡುವ ನನ್ನ ಬಾಯಿಂದ "ನಿರೀಕ್ಷೆ ಇಡೋಣ" ಅನ್ನುವುದರ ಹೊರತು ಏನೂ ಬರಲಿಲ್ಲ. ಅವರು ಗೋಡೆಯ ಕಡೆ ಮಗ್ಗುಲಾದರು. ಹತ್ತು ವರ್ಷವಾಯಿತು, ಆ ಬೆನ್ನು ನನ್ನ ಕಣ್ಣ ಮುಂದಿನಿಂದ ಹೋಗಿಲ್ಲ.

ರೂಬೆನ್ ಹೆಂಗಸರ ಬೆಂಚುಗಳ ಕಡೆ ಬಂದ. ಬಗ್ಗಿ ಒಬ್ಬೊಬ್ಬರ ಬಾಯಿಯ ಹತ್ತಿರ ಕಿವಿ ಇಡುತ್ತಾನೆ, ಅವರು "ಸಮ್ಮತ" ಅನ್ನುತ್ತಾರೆ, ಅವನು ಮುಂದಕ್ಕೆ ಹೋಗುತ್ತಾನೆ. ಫ್ಯಾನಿ ಸಮ್ಮತ. ಅವಳ ಸೊಸೆ ಸಮ್ಮತ. ನನಗಿಂತ ಮೂರು ಜನ ಮುಂದೆ ನಿನ್ನ ಅಮ್ಮ. ಅವಳ ತುಟಿ ಎರಡು ಸಲ ಅಲ್ಲಾಡಿತು, ಮೂರನೇ ಸಲಕ್ಕೆ ಸಮ್ಮತ ಅಂದಳು. ಅವಳ ಮೇಲೆ ಸಿಟ್ಟಾಗಬೇಡ ಮಗಳೇ. ನಿನ್ನ ಹಿಂದೆ ಇನ್ನೂ ನಾಲ್ಕು ಮಕ್ಕಳಿದ್ದಾವೆ, ಅವು ಈ ಸಭೆಯಲ್ಲೇ ಬೆಳೆಯಬೇಕು. ಸಮ್ಮತ ಅಂದ ಮೇಲೆ ಅವಳು ಏಪ್ರನ್ನಿನ ತುದಿಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳು ಅಂದರೆ ಬೆರಳು ಬೆಳ್ಳಗಾಗಿತ್ತು.

ಇನ್ನಿಬ್ಬರು ಉಳಿದಿದ್ದರು. ಆ ಹೊತ್ತಿನಲ್ಲಿ ನನಗೆ ನೆನಪಾದದ್ದು ಶಾಸ್ತ್ರವಲ್ಲ, ನನ್ನನ್ನು ಸಾಕಿದ ತಾಯಿ. ಹೆತ್ತವಳು ಹೋದಾಗ ನನಗೆ ಆರು ವರ್ಷ, ಇವರು ದತ್ತು ತೆಗೆದುಕೊಂಡರು. ದಿನಾ ಬೆಳಿಗ್ಗೆ ಅಡುಗೆಮನೆಯ ಬಾಗಿಲಲ್ಲಿ ನಿಂತು "ಇವತ್ತೂ ಇಲ್ಲೇ ಇರ್ಲಾ?" ಅಂತ ಕೇಳುತ್ತಿದ್ದೆ. ವಿನಯ ಅಂದುಕೊಂಡಿದ್ದೆ. ಒಂದು ದಿನ ಆಕೆ ಸೌಟು ಕುಕ್ಕಿ, "ನಮ್ಮ ಮಗಳು ಅಂತ ಬರೆಸಿ ಕರ್ಕೊಂಡು ಬಂದಿದೀವಿ ಕಣೇ. ದಿನಾ ನಿಂತ್ಕೊಂಡು ಕೇಳಿ ನನ್ನ ಹೊಟ್ಟೆ ಉರಿಸ್ಬೇಡ. ಕೂತ್ಕೊಂಡು ತಿನ್ನು!" ಅಂದರು. ಕೂತೆ. ನಾನು ಕೂತದ್ದು ಅಹಂಕಾರವೇ? ನನ್ನ ಕೆಲಸ ನೋಡಿ ಬರೆಸಿಕೊಂಡರೇ ಅವರು? ಆರು ವರ್ಷದವಳು, ಹಾಸಿಗೆ ಒದ್ದೆ ಮಾಡುತ್ತಿದ್ದೆ. ಅರವತ್ತೆಂಟು ವರ್ಷದಿಂದ ದೇವರ ಬಾಗಿಲಲ್ಲೂ ಹಾಗೆಯೇ ನಿಂತುಕೊಂಡಿದ್ದೇನೆ. ನಿನ್ನ ಅಜ್ಜ ನಿಂತಲ್ಲೇ ಪ್ರಾಣ ಬಿಟ್ಟರು.

ರೂಬೆನ್‌ನ ಕಿವಿ ನನ್ನ ಮುಂದೆ ಬಂತು. ಚಿಕ್ಕವನಿದ್ದಾಗ ನಾನೇ ತಿಕ್ಕಿ ತೊಳೆದ ಕಿವಿ. "ಮಲಿಂಡಾ ಅತ್ತೆ, ಸಮ್ಮತಾನಾ?" ಅಂದ.  ಮುಂದಿನದನ್ನು ಈಗ ಬರೆಯುವುದಿಲ್ಲ, ತಳ ಹಿಡಿದ ಹಂಡೆ ಉಜ್ಜಲು ಎಡ್ನಾ ಕರೆಯುತ್ತಿದ್ದಾಳೆ. ಹೊತ್ತಿಗೆ ಸರಿಯಾಗಿ ಊಟ ಮಾಡು, ಬರೀ ಬ್ರೆಡ್ಡಿನ ಮೇಲೆ ದಿನ ದೂಡಬೇಡ. ನಿನ್ನ ತಮ್ಮಂದಿರು ಕೇಳಿದರು ಅಂತ ಬರೆಯಲು ಹೇಳಿದ್ದಾರೆ. ದೇವರು ನಿನ್ನ ಮೇಲೆ ಕೃಪೆಯ ಕಣ್ಣಿಟ್ಟಿರಲಿ.

ನಿನ್ನ ಬಾಯಿಬಡುಕಿ ಅಜ್ಜಿ,
ಮಲಿಂಡಾ

ಮರೆತ ವಿಷಯ: ಅಂಚೆಯ ಗಾಡಿ ತಿರುವಿನಲ್ಲಿ ಕಾಣಿಸುತ್ತಿದೆ, ಬೇಗ ಬರೆಯುತ್ತೇನೆ. ನಾನು ಇಲ್ಲ ಅಂದೆ. ರೂಬೆನ್ ಕೇಳಿಸದವನ ಹಾಗೆ ನಿಂತ, ಅದಕ್ಕೆ ಗಂಡಸರ ಬೆಂಚಿಗೂ ಕೇಳುವಂತೆ ಇನ್ನೊಮ್ಮೆ ಅಂದೆ. ಭೋಜನ ನಿಂತಿದೆ. ಫ್ಯಾನಿ ನನಗೆ ಕಾಫಿ ಬಗ್ಗಿಸಲಿಲ್ಲ. ಶುಕ್ರವಾರ ಹತ್ತು ಗಂಟೆಗೆ ಬಿಷಪ್ ಬರುತ್ತಾನೆ, ನಾನು ಮಣಿಯದಿದ್ದರೆ ಬಹಿಷ್ಕಾರದ ಪಟ್ಟಿಯಲ್ಲಿ ನಿನ್ನ ಹೆಸರಿನ ಕೆಳಗೆ ನನ್ನದು. ಭಯ ಇಲ್ಲವೆಂದು ತಿಳಿಯಬೇಡ. ಹಾಲು ಕರೆಯುವಾಗ "ನನ್ನನ್ನೂ ಕ್ಷಮಿಸಿ ಆಗಿದೆ" ಅಂತ ಬಾಯಿಬಿಟ್ಟು ಹೇಳಿ ನೋಡಿದೆ. ಹಸು ತಿರುಗಿ ನೋಡಿತು ಅಷ್ಟೇ. ನಿನ್ನ ಮೇಲೆ ಇನ್ನೂ ಬಹಿಷ್ಕಾರ ಬಿದ್ದಿಲ್ಲ, ಶುಕ್ರವಾರದವರೆಗೆ ಯಾರ ನಿಯಮವೂ ಅಡ್ಡಬರುವುದಿಲ್ಲ. ಗುರುವಾರ ಮಧ್ಯಾಹ್ನ ಊಟಕ್ಕೆ ಬಾ. ಒಂದೇ ಮೇಜು. ಎಡ್ನಾಗೆ ಹೇಳಿದೆ. ಉಜ್ಜುತ್ತಿದ್ದ ಹಂಡೆ ಕೆಳಗಿಟ್ಟು ಕೈ ಒರೆಸಿಕೊಂಡಳು. ಆಮೇಲೆ, ಯಾವ ಕೋಳಿ ಕೊಯ್ಯಲಿ ಅಂತ ಕೇಳಿದಳು.