ದೀಪದ ಎಣ್ಣೆಯಲ್ಲಿ ಕರಿದ ಬಂಗಡೆ

ನಾವು ತಿನ್ನುವ ತುತ್ತಿಗೆ ಕಾವಲಿರುವ ಮಾನ್ಯ ಆಹಾರ ಸುರಕ್ಷತಾ ಅಧಿಕಾರಿಗಳೇ,

ನನ್ನ ಎಣ್ಣೆ ಮಿಲ್ಲಿನ ಹಿಂದಿನ ಕೋಣೆಯಲ್ಲಿ ಬೂಷ್ಟು ಹಿಡಿದ ಕೊಬ್ಬರಿಯ ಏಳು ಚೀಲಗಳಿವೆ. ಮಾರಿದರೆ ಊರಿಗೆ ವಿಷ ಹಂಚಿದ ಹಾಗೆ. ಇಟ್ಟುಕೊಂಡರೆ ನಿಮ್ಮ ನೋಟಿಸಿನ ಪ್ರಕಾರ ನಾನು ತಪ್ಪಿತಸ್ಥ. ಎಸೆಯೋಣವೆಂದರೆ ಎಲ್ಲಿ ಎಸೆಯಬೇಕೆಂದು ನಿಮ್ಮ ಕಚೇರಿಯಲ್ಲಿ ಒಬ್ಬರಿಗೂ ಗೊತ್ತಿಲ್ಲ. ಬರುವ ಶನಿವಾರದೊಳಗೆ ಇವನ್ನು 'ಸೂಕ್ತ ರೀತಿಯಲ್ಲಿ ವಿಲೇವಾರಿ ಮಾಡಿ ವರದಿ ಸಲ್ಲಿಸತಕ್ಕದ್ದು' ಎಂದು ತಾವು ಅಪ್ಪಣೆ ಮಾಡಿದ್ದೀರಿ. ಆ ಸೂಕ್ತ ರೀತಿ ಯಾವುದೆಂದು ಕೇಳಲು ಎರಡು ಸಲ ಕಾರವಾರಕ್ಕೆ ಬಂದೆ. ಎರಡು ಸಲವೂ ತಾವು ಮೀಟಿಂಗಿನಲ್ಲಿದ್ದಿರಿ. ಆದ್ದರಿಂದ ಎಲ್ಲರೂ ಓದುವ ಹಾಗೆ ಪೇಪರಿಗೇ ಬರೆಯುತ್ತಿದ್ದೇನೆ. ಮೀಟಿಂಗಿನಲ್ಲಿ ಯಾರಾದರೂ ಪೇಪರು ಬಿಡಿಸಿಕೊಂಡು ಕೂತಿದ್ದರೆ ನಿಮ್ಮ ಕಣ್ಣಿಗೂ ಬಿದ್ದೀತು.

ನಾನು ಹಟ್ಟಿಕೇರಿಯವನು. ಸುತ್ತಲಿನ ಊರಿನವರು ಮನೆಯ ಕೊಬ್ಬರಿ ತರುತ್ತಾರೆ, ಎಣ್ಣೆ ಮಾಡಿಸಿಕೊಂಡು ಹೋಗುತ್ತಾರೆ. ಕೊಬ್ಬರಿ ಬಂದ ಕೂಡಲೇ ಆರಿಸುವುದು ನಮ್ಮಲ್ಲಿ ಮೊದಲ ಕೆಲಸ. ಮುರಿದಾಗ ಟಪ್ಪೆಂದರೆ ಒಣಗಿದೆ, ಬಳುಕಿದರೆ ಹಸಿ ಇದೆ. ಒಳಗೆ ಹಸಿರೋ ಹಳದಿಯೋ ಬೂಷ್ಟು ಕಂಡರೆ ಅದು ಬೇರೆ ರಾಶಿಗೆ. ಆ ಬೇರೆ ರಾಶಿಗೆ ನನ್ನ ಅಪ್ಪನ ಕಾಲದಿಂದಲೂ 'ದೇವರ ಪಾಲು' ಎಂದು ಹೆಸರು. ಯಾಕೆಂದರೆ ಅದರ ಎಣ್ಣೆಯನ್ನು ಯಾರೂ ಅಡುಗೆಗೆ ಬಳಸುತ್ತಿರಲಿಲ್ಲ, ತುಳಸಿಕಟ್ಟೆಯ ದೀಪಕ್ಕೆ ಹಾಕುತ್ತಿದ್ದರು. ಒಳ್ಳೆಯದು ನಮಗೆ, ಕೆಟ್ಟದ್ದು ದೇವರಿಗೆ. ದೇವರು ಇವತ್ತಿನವರೆಗೆ ದೂರು ಕೊಟ್ಟಿಲ್ಲ, ಅವನಿಗೆ ಲಿವರ್ ಇಲ್ಲವಲ್ಲ!

ಈ ವರ್ಷ ಮೇ ತಿಂಗಳಲ್ಲೇ ಮಳೆ ಹಿಡಿದು ಅಂಗಳದಲ್ಲಿ ಒಣಗಲು ಹಾಕಿದ್ದ ಕೊಬ್ಬರಿಯೆಲ್ಲ ನೆನೆಯಿತು. ದೇವರ ಪಾಲು ಎಂದೂ ಇಲ್ಲದಷ್ಟು ಬೆಳೆಯಿತು. ತಂದವರು ಹಾಳಾದದ್ದನ್ನು ವಾಪಸು ಒಯ್ಯುವುದಿಲ್ಲ, ನನ್ನಲ್ಲೇ ಬಿಟ್ಟು ಹೋಗುತ್ತಾರೆ. ಅದನ್ನು ಒಯ್ಯಲು ಕೆಲವು ವರ್ಷಗಳಿಂದ ಒಬ್ಬ ವ್ಯಾಪಾರಿ ಟೆಂಪೋ ತರುತ್ತಿದ್ದ. ಟೆಂಪೋದ ಹಿಂದೆ ಉರಿಯುವ ದೀಪದ ಚಿತ್ರ. ದೀಪದ ಎಣ್ಣೆ ಮಾಡುವವರಿಗೆ ಎಂದು ಅವನು ಹೇಳುತ್ತಿದ್ದ, ನಾನು ಸಿಕ್ಕ ದರಕ್ಕೆ ಕೊಡುತ್ತಿದ್ದೆ. ಮುಂದೆ ಏನಾಗುತ್ತದೆ ಎಂದು ನಾನು ಕೇಳಲಿಲ್ಲ. ಕೇಳಬೇಕಿತ್ತು. ಈ ಪತ್ರದಲ್ಲಿ ನಿಮ್ಮನ್ನು ಬೈಯುವ ಮೊದಲು ನನ್ನ ಪಾಲಿನ ಬೈಗುಳವನ್ನು ನಾನೇ ತೆಗೆದುಕೊಳ್ಳುತ್ತೇನೆ.

ಆಗಸ್ಟಿನಲ್ಲಿ ನನ್ನ ಮಗಳು ನಾಗಶ್ರೀ ಹೆರಿಗೆಗೆ ಮನೆಗೆ ಬಂದಳು. ಅದೇ ದಿನಗಳಲ್ಲಿ ಮಿಲ್ಲಿನ ಪರವಾನಗಿ ನವೀಕರಣಕ್ಕೆಂದು ನಾನು ನಿಮ್ಮ ಕಚೇರಿಗೆ ಅಲೆಯುತ್ತಿದ್ದೆ. ಮೊದಲ ಸಲ ಬಂದಾಗ ನಿಮ್ಮ ಗುಮಾಸ್ತರು ಬಹಳ ಪ್ರೀತಿಯಿಂದ ಹೇಳಿದರು: "ಸಾಹೇಬ್ರು ಮೀಟಿಂಗಲ್ಲಿ ಅವ್ರೆ. ನಿಮ್ದು ಊಟ ಆಗ್ಲಿಲ್ಲ ಅಲ್ದಾ? ಅಲ್ಲೇ ರಸ್ತೆ ಆಚೆ ಗಾಡಿ ಅದೆ ನೋಡಿ, ಬಂಗಡೆ ಚೊಲೊ ಕರೀತಾಳೆ. ಸಾಹೇಬ್ರಿಗೂ ದಿನಾ ಅಲ್ಲಿಂದ್ಲೇ ಪಾರ್ಸಲ್."

ಆ ಗಾಡಿ ಕೇಣಿಯ ಒಬ್ಬ ಹೆಣ್ಣುಮಗಳದ್ದು. ಇಲ್ಲಿ ಅವಳನ್ನು ಸುಮಲತಾ ಎನ್ನುತ್ತೇನೆ. ನಿಜವಾದ ಹೆಸರು ಬರೆದರೆ ನಿಮ್ಮವರು ನಾಳೆಯೇ ಅವಳ ಗಾಡಿ ಎತ್ತಿಕೊಂಡು ಹೋಗಿ ಕ್ರಮ ಕೈಗೊಂಡೆವು ಎಂದು ಫೋಟೋ ಹಾಕಿಸಿಯಾರು. ಅವಳ ಬಂಗಡೆ ಮೀನು ನಿಜಕ್ಕೂ ಚೆನ್ನಾಗಿತ್ತು. ಬಸುರಿ ಮಗಳಿಗೆ ಬಯಕೆ ಎಂದು ಒಂದು ಪೊಟ್ಟಣ ಕಟ್ಟಿಸಿಕೊಂಡು ಹೋದೆ. ನವೀಕರಣಕ್ಕೆ ಮೂರು ಸಲ ಅಲೆಸಿದಿರಿ, ಮೊದಲೆರಡು ಸಲವೂ ಪೊಟ್ಟಣ ಒಯ್ದೆ. ಮೂರನೇ ಸಲ ಅವಳು ಬಾಣಲೆಗೆ ಎಣ್ಣೆ ಸುರಿಯುವಾಗ ನನ್ನ ಮೂಗಿಗೆ ಏನೋ ಬಡಿಯಿತು. ನಲವತ್ತು ವರ್ಷ ಎಣ್ಣೆಯಲ್ಲೇ ಇರುವ ಮೂಗು ಇದು. ಎಸೆನ್ಸಿನ ಘಮದ ಅಡಿಯಲ್ಲಿ ಕೌಟು ವಾಸನೆ. ಬಾಟಲಿ ತಿರುಗಿಸಿ ನೋಡಿದರೆ ಟೆಂಪೋದ ಹಿಂದಿದ್ದ ಅದೇ ದೀಪದ ಚಿತ್ರ. ಹಿಂಬದಿಯಲ್ಲಿ, ಇರುವೆಯೇ ಕನ್ನಡಕ ಹಾಕಿಕೊಂಡು ಓದಬೇಕಾದಷ್ಟು ಸಣ್ಣಕ್ಕೆ, 'ಸೇವನೆಗೆ ಅಲ್ಲ'.

"ಇದು ದೀಪಕ್ಕೆ ಹಾಕೂ ಎಣ್ಣೆ ಅಲ್ದಾ ತಂಗಿ?" ಎಂದೆ.

"ಹೌದು ಅಣ್ಣ," ಎಂದಳು ಅವಳು, ಒಂದಿಷ್ಟೂ ಅಳುಕಿಲ್ಲದೆ. "ದೇವ್ರಿಗೆ ಹಾಕೂದು ಹೇಳಿ ಮತ್ತೂ ಶುದ್ಧ ಇರ್ತದೆ. ಮನ್ಸ್ರಿಗೆ ಮಾಡೂದ್ರಲ್ಲಾದ್ರೆ ಕಲಬೆರಕೆ ಮಾಡ್ತ್ರು, ದೇವ್ರಿಗೆ ಮಾಡೂದ್ರಲ್ಲಿ ಯಾರು ಮಾಡ್ತ್ರು ಹೇಳಿ?"

ಮಾನ್ಯರೇ, ಅವಳು ಅಗ್ಗವೆಂದಷ್ಟೇ ಕೊಂಡವಳಲ್ಲ. ದೇವರ ಹೆಸರಿನಲ್ಲಿ ಯಾರೂ ಕೆಟ್ಟದ್ದು ಕೊಡಲಾರರು ಎಂದು ನಂಬಿ ಕೊಂಡವಳು. ಕೆಟ್ಟದ್ದನ್ನೇ ಆರಿಸಿ ದೇವರ ಪಾಲು ಎಂದು ಹೆಸರಿಟ್ಟವರ ಮನೆಯವನು ನಾನು. ಅವಳಿಂದ ಒಂದು ಬಾಟಲಿ ಕೇಳಿ ತೆಗೆದುಕೊಂಡೆ.

ಆ ಎಣ್ಣೆಯನ್ನು ಹೊರಗಿನ ಒಂದು ಪ್ರಯೋಗಾಲಯಕ್ಕೆ ಕಳಿಸಿದೆ. ಬೂಷ್ಟು ಉಗುಳುವ ಅಫ್ಲಾಟಾಕ್ಸಿನ್ ಎಂಬ ವಿಷ ಮಿತಿ ಮೀರಿದೆ ಎಂದು ವರದಿ ಬಂತು. ಒರೆಸಿದರೆ ಬೂಷ್ಟು ಹೋಗುತ್ತದೆ, ಆ ವಿಷ ಹೋಗುವುದಿಲ್ಲ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಬಾಣಲೆಯ ಕಾವಿಗೂ ಅದು ಪೂರ್ತಿ ಸಾಯುವುದಿಲ್ಲ. ತಿಂದ ದಿನ ಏನೂ ಆಗುವುದಿಲ್ಲ, ವರ್ಷಗಟ್ಟಲೆ ತಿಂದವನ ಲಿವರನ್ನು ಒಳಗೊಳಗೇ ಕೆಡಿಸುತ್ತದೆ, ಕ್ಯಾನ್ಸರಿನವರೆಗೂ ಒಯ್ಯಬಲ್ಲದು. ವಾಂತಿಯಾದರೆ ನಾಲ್ಕು ಜನ ಸೇರಿ ಗಲಾಟೆ ಮಾಡುತ್ತಾರೆ, ನಿಮ್ಮ ಜೀಪು ಬರುತ್ತದೆ. ಇಪ್ಪತ್ತು ವರ್ಷದ ನಂತರ ಹಾಸಿಗೆ ಹಿಡಿದವನು ಯಾವ ಬಂಗಡೆಯ ಮೇಲೆ ದೂರು ಕೊಡಬೇಕು?

ವರದಿ ಹಿಡಿದು ನಿಮ್ಮ ಕಚೇರಿಗೆ ಬಂದೆ. ಸಿಕ್ಕ ಉತ್ತರವನ್ನು ಚೌಕಟ್ಟು ಹಾಕಿಸಿ ಗೋಡೆಗೆ ತೂಗಬೇಕು. ದೀಪದ ಎಣ್ಣೆ ಆಹಾರವಲ್ಲವಂತೆ, ಆಹಾರವಲ್ಲದ್ದು ನಿಮ್ಮ ವ್ಯಾಪ್ತಿಗೆ ಬರುವುದಿಲ್ಲವಂತೆ. ಹಾಗಾದರೆ ಅದರಲ್ಲಿ ಕರಿದ ಬಂಗಡೆ? ಅದು ಆಹಾರವೇ, ಆದರೆ ನಿಮ್ಮವರು ತೆಗೆಯದೆ ನಾನೇ ಒಯ್ದ ಮಾದರಿ ನಿಮ್ಮ ಲೆಕ್ಕದಲ್ಲಿ ಮಾದರಿಯಲ್ಲ. ಬಾಟಲಿಯ ಮೇಲೆ 'ಸೇವನೆಗೆ ಅಲ್ಲ' ಎಂದು ಬರೆದ ಮೇಲೆ ಕಂಪನಿಯದ್ದು ತಪ್ಪಿಲ್ಲ. ಹಾಗಾದರೆ ತಪ್ಪು ಯಾರದ್ದು ಎಂದು ಕೇಳಿದೆ. ಗುಮಾಸ್ತರು ದನಿ ತಗ್ಗಿಸಿ ಹೇಳಿದರು: "ಬೊಮ್ಮಯ್ಯ, ನೀವು ಬರ್ದು ಕೊಟ್ರೆ ಮೊದ್ಲು ಬರೂದು ನಿಮ್ ಹೆಸ್ರೇ. ಬೂಷ್ಟು ಕೊಬ್ರಿ ಮಾರ್ದವ ಯಾರು? ಸುಮ್ನೆ ಎಂತಕ್ಕೆ ಬೇಕು ಮಾರಾಯ್ರೆ?"

ನಾನು ಬರೆದು ಕೊಟ್ಟೆ. ಅವರು ಹೇಳಿದ್ದು ಅಕ್ಷರಶಃ ನಿಜವಾಯಿತು. ಹತ್ತು ದಿನದಲ್ಲಿ ನಿಮ್ಮವರು ಬಂದರು, ನನ್ನ ಒಳ್ಳೆಯ ಎಣ್ಣೆಯ ಮಾದರಿ ತೆಗೆದುಕೊಂಡು ಹೋದರು. ಏಳು ಚೀಲಗಳ ಫೋಟೋ ಹೊಡೆದರು, ನೋಟಿಸು ಅಂಟಿಸಿದರು. ಆ ಬಾಟಲಿ ಮಾತ್ರ ಈಗಲೂ ಅಂಗಡಿ ಅಂಗಡಿಯಲ್ಲಿ ಊದುಬತ್ತಿಯ ಪಕ್ಕದಲ್ಲಿ ಭಕ್ತಿಯಿಂದ ಕೂತಿದೆ.

ಎಸೆಯಲು ನೋಡಲಿಲ್ಲವೆಂದಲ್ಲ. ನಿಮ್ಮವರು ಬರುವ ಮೊದಲು ಎಂಟು ಚೀಲಗಳಿದ್ದವು. ಒಂದನ್ನು ಮಿಲ್ಲಿನ ಹಿಂದಿನ ಹೊಂಡಕ್ಕೆ ಸುರಿದು ಮಣ್ಣು ಮುಚ್ಚಿದೆ. ಮಳೆಗೆ ಮಣ್ಣು ಕೊಚ್ಚಿ ಹೋಗಿ ನೆರೆಮನೆಯ ಗಂಗೂಬಾಯಿಯ ಆಕಳು ಅದನ್ನು ತಿಂದಿತು. ಆ ವಿಷ ಹಾಲಿಗೂ ಇಳಿಯುತ್ತದೆ ಎಂದು ಆಗಲೇ ಓದಿಕೊಂಡಿದ್ದೆ. ಗಂಗೂಬಾಯಿಯ ಹಾಲು ನಮ್ಮ ಮನೆಗೇ ಬರುವುದು. ಕೆಲವು ದಿನ ಹಾಲು ಚೆಲ್ಲಿಬಿಡು ಎಂದರೆ ಅವಳು ನನ್ನನ್ನೇ ಅನುಮಾನದಿಂದ ನೋಡಿದಳು. "ಹಾಲು ಚೆಲ್ಲೂದಾ? ನಿಂಗೆ ತಲೆ ಸಮ ಅದೆಯೇನಾ?" ಸುಡೋಣವೆಂದು ಬೆಂಕಿ ಹಚ್ಚಿದರೆ ಒದ್ದೆ ಕೊಬ್ಬರಿ ಉರಿಯದೆ ಹೊಗೆ ಕಾರಿ, ಕೇರಿಯವರೆಲ್ಲ ಕೆಮ್ಮುತ್ತ ಬಂದು ನಿಲ್ಲಿಸಿದರು. ಹಿಂಡಿ ಮಾಡಿದರೆ ಅದೇ ಆಕಳಿನ ಬಾಯಿಗೆ. ಟೆಂಪೋದವನು ಮಾತ್ರ ವಾರಕ್ಕೊಮ್ಮೆ ಫೋನು ಮಾಡಿ ಎಂತದೂ ಚಿಂತೆ ಬೇಡ, ತಾನೇ ಒಯ್ಯುತ್ತೇನೆ ಎನ್ನುತ್ತಾನೆ. ನಿಮ್ಮ ನೋಟಿಸನ್ನು ಪಾಲಿಸಲು ಈ ಜಿಲ್ಲೆಯಲ್ಲಿ ನನಗೆ ಸಹಾಯ ಮಾಡುತ್ತೇನೆ ಎಂದವನು ಅವನೊಬ್ಬನೇ.

ನಾಗಶ್ರೀಗೆ ವಿಷಯ ಹೇಳದೆ ಇರಲಾಗಲಿಲ್ಲ. ಅವಳು ಅಳಲಿಲ್ಲ, ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಕೇಳಿದಳು: "ಅಪ್ಪ, ತಿಂದದ್ದು ತಿಂದಾಯ್ತಲ್ಲ. ಈಗ ನಾ ಎಂತ ಮಾಡೂದು?" ಡಾಕ್ಟರು, ಎರಡು ಸಲ ತಿಂದದ್ದಕ್ಕೆ ಹೆದರಬೇಡಿ, ದಿನಾ ತಿನ್ನುವವರ ಬಗ್ಗೆ ಯೋಚಿಸಿ ಎಂದರು. ಮಗಳು ಸಮಾಧಾನ ಮಾಡಿಕೊಂಡಳು. ನನಗೆ ಸಮಾಧಾನವಿಲ್ಲ. ಹೆತ್ತ ಮಗಳಿಗೆ ನನ್ನ ಕೈಯಾರೆ ಪೊಟ್ಟಣ ಬಿಚ್ಚಿ ಕೊಟ್ಟಿದ್ದೇನೆ, ಮುಳ್ಳು ಬಿಡಿಸಿ ಕೊಟ್ಟಿದ್ದೇನೆ.

ಸುಮಲತಾ ಆ ಬಾಟಲಿಗಳನ್ನು ಬಿಸಾಡಿ ಒಳ್ಳೆಯ ಎಣ್ಣೆಗೆ ಬದಲಾದಳು. ಬಂಗಡೆಯ ದರ ಏರಿತು, ಗಿರಾಕಿಗಳು ಪಕ್ಕದ ಗಾಡಿಗೆ ಹೋದರು. ಅಲ್ಲಿ ಅದೇ ದೀಪದ ಬಾಟಲಿ. ಸತ್ಯ ಹೇಳಿ ನಾನು ಅವಳಿಗೆ ಮಾಡಿದ ಉಪಕಾರ ಇಷ್ಟು.

ಈಗ ನನ್ನ ಬೇಡಿಕೆ. ರೇಷನ್ ಸೀಮೆಎಣ್ಣೆ ಬೇರೆಲ್ಲೂ ಸೋರಬಾರದೆಂದು ಸರ್ಕಾರ ಅದಕ್ಕೆ ನೀಲಿ ಬಣ್ಣ ಹಾಕಿತ್ತು. ನಮ್ಮ ಹಳ್ಳಿಯ ಅಜ್ಜಿಯರೂ ಬಣ್ಣ ನೋಡಿ ಗುರುತಿಸುತ್ತಿದ್ದರು. ಸೀಮೆಎಣ್ಣೆಗೆ ಸಿಕ್ಕ ಮರ್ಯಾದೆ ಮನುಷ್ಯನ ಲಿವರಿಗೆ ಸಿಗಬಾರದೇ? ತಿನ್ನಲಾಗದ ದೀಪದ ಎಣ್ಣೆಗೂ ಹಾಗೆಯೇ ಬಣ್ಣ ಹಾಕಿಸಿ. ಬಾಣಲೆಗೆ ಸುರಿದ ಕೂಡಲೇ ಮೀನು ನೀಲಿಯಾಗಲಿ, ಓದಲು ಬಾರದವಳಿಗೂ ಗೊತ್ತಾಗಲಿ. ಅದು ನಿಮ್ಮ ಕೈಯಲ್ಲಿಲ್ಲವಾದರೆ ಯಾರ ಕೈಯಲ್ಲಿದೆಯೋ ಅವರಿಗೆ ಬರೆದು, ಆ ಪತ್ರವನ್ನು ನನಗೆ ತೋರಿಸಿ. ಅಷ್ಟರೊಳಗೆ ಶನಿವಾರದ ಮುಂಚೆ ತಾವೇ ಹಟ್ಟಿಕೇರಿಗೆ ಬಂದು ಈ ಏಳು ಚೀಲಗಳನ್ನು ಜಪ್ತಿ ಮಾಡಿಕೊಂಡು ಹೋಗಿ. ಬೇಕಿದ್ದರೆ ಚೀಲಗಳ ಜೊತೆಗೆ ನನ್ನನ್ನೂ. ತಾವು ಬಾರದಿದ್ದರೆ ಭಾನುವಾರ ಟೆಂಪೋ ಬರುತ್ತದೆ. ಎಷ್ಟು ಭಾನುವಾರ ಬಾಗಿಲಿಗೆ ಅಡ್ಡ ನಿಂತೇನೆಂದು ನನಗೇ ಭರವಸೆಯಿಲ್ಲ.

ಕೊನೆಗೊಂದು ಮಾತು. ಮೊನ್ನೆ ಬಂದಾಗಲೂ ತಾವು ಮೀಟಿಂಗಿನಲ್ಲಿದ್ದಿರಿ. ಹೊರಗೆ ಕೂತಿದ್ದಾಗ ನಿಮ್ಮ ಊಟದ ಪಾರ್ಸಲ್ ನನ್ನ ಮುಂದೆಯೇ ಒಳಗೆ ಹೋಯಿತು. ಬಂಗಡೆಯೇ. ಈಗ ಸುಮಲತಾಳ ಗಾಡಿಯಿಂದಲ್ಲ, ಪಕ್ಕದ ಗಾಡಿಯಿಂದ. ಗುಮಾಸ್ತರನ್ನು ಯಾಕೆ ಬದಲಿಸಿದಿರಿ ಎಂದು ಕೇಳಿದೆ. "ಅವ್ಳು ದರ ಏರಿಸ್ದಳು ಮಾರಾಯ್ರೆ," ಎಂದರು.

ಇಂತಿ,
ದೇವರ ಪಾಲನ್ನು ತಮ್ಮ ತಟ್ಟೆಯವರೆಗೆ ತಲುಪಿಸಿದವರಲ್ಲಿ ಒಬ್ಬ,
ಬೊಮ್ಮಯ್ಯ, ಎಣ್ಣೆ ಮಿಲ್ಲಿನವನು
ಹಟ್ಟಿಕೇರಿ, ಅಂಕೋಲಾ ತಾಲೂಕು